ಬೈಯುವ ಕಾಕು ಎಲ್ಲಿ ಹೋದಳು?

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



"ಇಂದಿನ ಸಮಾಜ ಮತ್ತು ಮಕ್ಕಳ ಪಾಲನೆ ಅಂತ ಒಂದು ಹದಿನೈದು ನಿಮಿಷ ಮಾತಾಡ್ರಿ ವೈನಿ" ಅಂತ ಕಾರ್ಯದರ್ಶಿಯವರು ಫೋನ್ ಮಾಡಿದ್ದರು. ನಾನು ಮನಶ್ಶಾಸ್ತ್ರ ಓದಿದವಳಲ್ಲ, ಶಿಕ್ಷಣತಜ್ಞೆಯೂ ಅಲ್ಲ. ನನಗೆ ಬರುವುದು ಗೊಣಗಾಟ ಒಂದೇ ಎಂದೆ. "ಅದನ್ನ ಮಾಡ್ರಿ. ಮನ್ಯಾಗ ಮಾಡೂದನ್ನ ಇಲ್ಲಿ ಮೈಕಿನ ಮುಂದ ಮಾಡ್ರಿ" ಎಂದರು. ನಮ್ಮ ಮನೆಯವರಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಕಂಡ ಸಮಾಧಾನವನ್ನು ನಾನು ವರ್ಣಿಸಲಾರೆ. ಹದಿನೈದು ನಿಮಿಷವಾದರೂ ಬೇರೆಯವರು ಕೇಳಲಿ ಎಂದಿರಬೇಕು.

ಗೊಣಗುವವರಿಗೆ ನಮ್ಮ ನಾಗಪುರಕ್ಕಿಂತ ಒಳ್ಳೆಯ ಊರು ಸಿಗುವುದಿಲ್ಲ. ಪೋಳಾದ ಮರುದಿನ ಇತವಾರಿ, ಮಹಾಲ್ ಕಡೆ ಕರಿ ಮಾರಬತ್, ಹಳದಿ ಮಾರಬತ್ ಮೆರವಣಿಗೆ ಹೊರಡುತ್ತದಲ್ಲ, ಅದು 1880ರ ದಶಕದಿಂದ ನಡೆದುಬಂದದ್ದು. ಜೊತೆಗೆ ಬಡಗ್ಯಾಗಳು, ಅಂದರೆ ಗಂಡುಗೊಂಬೆಗಳು. ಆಯಾ ವರ್ಷದ ಪೀಡೆ ಯಾವುದೋ ಅದರ ವೇಷ ಅವಕ್ಕೆ: ಒಂದು ಸಲ ಭ್ರಷ್ಟಾಚಾರ, ಇನ್ನೊಂದು ಸಲ ಬೆಲೆಯೇರಿಕೆ, ಮತ್ತೊಂದು ಸಲ ರಸ್ತೆಯ ಗುಂಡಿ. ಊರಿನ ಜನ ಅವುಗಳ ಹಿಂದೆ ನಡೆದು, ಬೈದು, ರೋಗರುಜಿನ ಪೀಡೆಯೆಲ್ಲ ಹೊತ್ತುಕೊಂಡು ಹೋಗು ಎಂದು ಕೂಗಿ, ಕೊನೆಗೆ ಸುಟ್ಟುಬಿಡುತ್ತಾರೆ. ಮದುವೆಯಾಗಿ ಧಾರವಾಡದಿಂದ ಬಂದ ಮೊದಲ ವರ್ಷ ಇದನ್ನು ನೋಡಿ, ಆಹಾ, ಗೊಣಗುವುದಕ್ಕೆ ಒಂದು ಹಬ್ಬವನ್ನೇ ಮಾಡಿಕೊಂಡಿದ್ದಾರಲ್ಲ ಎಂದು ಖುಷಿಪಟ್ಟೆ. ಆದರೆ ಒಂದು ಬಡಗ್ಯಾ ಮಾತ್ರ ನಾನು ಇನ್ನೂ ಕಂಡಿಲ್ಲ. "ನಮ್ಮ ಹುಡುಗ ಹಂಗೆಲ್ಲಾ ಮಾಡೂದಿಲ್ರಿ" ಎನ್ನುವ ಅಪ್ಪ-ಅಮ್ಮನ ಬಡಗ್ಯಾ. ಇವತ್ತು ಅದನ್ನು ಹೊರಡಿಸೋಣ ಅಂತ.

2023ರ ಜುಲೈ. ಟೊಮೆಟೊ ಬೆಲೆ ಕಿಲೋಗೆ ನೂರು ದಾಟಿ ದೇಶವೆಲ್ಲ ಅದರದೇ ಮಾತಾಗಿದ್ದ ತಿಂಗಳು. ಬಜಾಜ್ ನಗರ ಚೌಕದ ಹತ್ತಿರ ಒಬ್ಬ ಮುದುಕರ ಠೇಲಾದ ಮುಂದೆ ನಿಂತು ನಾನು ನಾಲ್ಕೇ ನಾಲ್ಕು ಟೊಮೆಟೊ ಆರಿಸುತ್ತಿದ್ದೆ. ಉಲ್ಟಾ ದಿಕ್ಕಿನಿಂದ ಒಂದು ಸ್ಕೂಟರ್ ಬಂತು. ಓಡಿಸುವವನಿಗೆ ಹದಿನಾಲ್ಕು ಇರಬಹುದು. ಹಿಂದೆ ಇನ್ನಿಬ್ಬರು, ಮೂವರ ಬೆನ್ನಿಗೂ ಕ್ಲಾಸಿನ ಚೀಲ. ಠೇಲಾಕ್ಕೆ ತಗುಲಿತು, ಅರ್ಧ ಬುಟ್ಟಿ ಟೊಮೆಟೊ ರಸ್ತೆಗೆ ಉರುಳಿತು. ಹುಡುಗ ಗಾಬರಿಯಾಗಿ ನಿಂತ. ನಾನು "ಬಾಳಾ, ಮೊದಲು ಗಾಡಿ ಬದಿಗಿಡು, ಎಲ್ಲ ಆರಿಸಿಕೊಡು" ಎಂದೆ. ಪಾಪ, ಗೆಳೆಯರನ್ನು ಕರೆದುಕೊಂಡು ಬಗ್ಗಿ ಆರಿಸಲಿಕ್ಕೆ ಶುರುಮಾಡಿದ. ಅಂಗಿಯ ತುದಿಯಿಂದ ಒಂದೊಂದನ್ನೇ ಒರೆಸಿ ಬುಟ್ಟಿಗೆ ಹಾಕುತ್ತಿದ್ದ. ಅಷ್ಟರಲ್ಲಿ ಯಾರೋ ಫೋನ್ ಮಾಡಿದ್ದರೆಂದು ಕಾಣುತ್ತದೆ, ಕಾರಿನಲ್ಲಿ ಅವನ ತಾಯಿ ಬಂದರು. ಮಗನನ್ನು ಎಬ್ಬಿಸಿದರು. ಪರ್ಸಿನಿಂದ ನೂರರ ನೋಟು ತೆಗೆದು ಠೇಲಾದ ಮೇಲಿಟ್ಟರು. ನನ್ನ ಕಡೆ ತಿರುಗಿ, "ತುಮ್ಹಾಲಾ ಕಾಯ್ ಕರಾಯ್ಚಂ ಆಹೇ? ಪೋರಗಾ ಕ್ಲಾಸ್‌ಲಾ ಚಾಲಲಾ ಆಹೇ" ಎಂದರು. ನಿಮಗೇನು ಸಂಬಂಧ, ಹುಡುಗ ಕ್ಲಾಸಿಗೆ ಹೊರಟಿದ್ದಾನೆ ಎಂದು. ಹುಡುಗ ಕೈಯಲ್ಲಿದ್ದ ಟೊಮೆಟೊವನ್ನು ಎಲ್ಲಿಡಬೇಕು ಎಂದು ಒಂದು ಕ್ಷಣ ನನ್ನ ಮುಖ ನೋಡಿ, ಬುಟ್ಟಿಯೊಳಗಿಟ್ಟು ಹೋದ. ಅದೇ ಸ್ಕೂಟರ್ ಮೇಲೆ, ಅದೇ ಉಲ್ಟಾ ದಿಕ್ಕಿನಲ್ಲಿ. ಉಳಿದದ್ದನ್ನು ಮುದುಕರೂ ನಾನೂ ಆರಿಸಿದೆವು.

ಆ ಹುಡುಗನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಅವನು ಸರಿಯಾದದ್ದನ್ನೇ ಮಾಡುತ್ತಿದ್ದ. ಇನ್ನು ಐದು ನಿಮಿಷ ಬಿಟ್ಟಿದ್ದರೆ ಪೂರ್ತಿ ಮಾಡುತ್ತಿದ್ದ. ಆ ಐದು ನಿಮಿಷವನ್ನು ನೂರು ರೂಪಾಯಿ ಕೊಟ್ಟು ಕೊಂಡುಕೊಂಡವರು ಯಾರು?

ಕಾನೂನು ಇದನ್ನು ನಮಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ತಿದ್ದುಪಡಿಯಲ್ಲಿ 199ಎ ಎಂಬ ಕಲಮು ಇದೆ. 18 ತುಂಬದವರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪಾಲಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗ ಅಥವಾ ಹುಡುಗಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. "ಗೇರ್ ಇಲ್ಲದ ಗಾಡಿ ಹದಿನಾರಕ್ಕೇ ನಡೀತದಲ್ರಿ" ಎಂದು ಕೆಲವರು ನನಗೆ ಪಾಠ ಹೇಳುತ್ತಾರೆ. ಅದು 50 ಸಿಸಿ ಮೀರದ ಗಾಡಿಗೆ. ಈಗ ಮನೆಮನೆಯಲ್ಲಿರುವ ಪೆಟ್ರೋಲ್ ಸ್ಕೂಟರ್‌ಗಳು 110, 125 ಸಿಸಿಯವು. ಲಕ್ಷ್ಮೀನಗರ, ಶಂಕರನಗರ, ಧರಮಪೇಠದ ಕ್ಲಾಸುಗಳ ಮುಂದೆ ಸಂಜೆ ಆರಕ್ಕೆ ಒಮ್ಮೆ ನಿಂತು ನೋಡಿ. ಎಷ್ಟು ಗಾಡಿಗಳು, ಎಷ್ಟು ಮೀಸೆ ಚಿಗುರದ ಮುಖಗಳು! ಗಾಡಿಯ ಕೀಲಿಯನ್ನು ಅವರು ಕದ್ದು ತಂದದ್ದಲ್ಲ. ಹೋಗುವಾಗ ತಾಯಿ "ಹುಷಾರಾಗಿ ಹೋಗು ಪುಟ್ಟಾ" ಎಂದು ಕೈಯಲ್ಲಿಟ್ಟು ಕಳಿಸಿದ್ದು.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಆದದ್ದು ನಿಮಗೆಲ್ಲ ನೆನಪಿದೆ. 17 ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಬಡಿದು ಇಬ್ಬರು ಐಟಿ ಉದ್ಯೋಗಿಗಳು ಸತ್ತರು, ಇಬ್ಬರೂ ಎಳೆಯ ವಯಸ್ಸಿನವರು. ಕೆಲವೇ ಗಂಟೆಗಳಲ್ಲಿ ಬಾಲನ್ಯಾಯ ಮಂಡಳಿ ಜಾಮೀನು ಕೊಟ್ಟಿತು, ಷರತ್ತುಗಳಲ್ಲಿ ಒಂದು ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ. ದೇಶವೆಲ್ಲ ಆ ಮುನ್ನೂರು ಪದಗಳ ಮೇಲೆ ಸಿಟ್ಟಾಯಿತು, ಆಗಬೇಕಾದದ್ದೇ. ಆದರೆ ನನಗೆ ನಿದ್ದೆಗೆಡಿಸಿದ್ದು ಆಮೇಲೆ ಬಂದ ಸುದ್ದಿ. ಹುಡುಗನ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ತಂದೆಯ ಜೊತೆ ತಾಯಿಯನ್ನೂ ಬಂಧಿಸಿದರು. ಆರೋಪ ನಿಜವೋ ಸುಳ್ಳೋ ನ್ಯಾಯಾಲಯ ಹೇಳಬೇಕು. ನಾನು ಪತ್ರಿಕೆ ಕೆಳಗಿಟ್ಟು ಯೋಚಿಸಿದ್ದು ಬೇರೆ. ಠೇಲಾದ ಮೇಲಿಟ್ಟ ನೂರರ ನೋಟು ದೊಡ್ಡದಾಗುತ್ತಾ ಹೋದರೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂದು.

ಈಗ ನನ್ನ ಶೀರ್ಷಿಕೆಗೆ ಬರುತ್ತೇನೆ. ನಮ್ಮ ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆಯ ಕನ್ನಡಕ್ಕೂ ಇಲ್ಲಿಯ ಮರಾಠಿಗೂ ಸಂಬಂಧದ ಪದಗಳು ಎಷ್ಟೊಂದು ಕೂಡುತ್ತವೆ ನೋಡಿ: ಕಾಕಾ, ಕಾಕು, ವೈನಿ, ಮಾಮಾ, ಮಾಮಿ. ಹಾಗಾಗಿ ನನಗೆ ಈ ಊರು ಪರಊರು ಅನ್ನಿಸಲೇ ಇಲ್ಲ. ಓಣಿಯಲ್ಲಿ ಇದ್ದವರೆಲ್ಲ ಕಾಕು. ಕಾಕು ಅಂದಮೇಲೆ ಚಕ್ಕುಲಿ ಕೊಡುವ ಹಕ್ಕೂ ಇತ್ತು, ಬೈಯುವ ಹಕ್ಕೂ ಇತ್ತು. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯ ಕಾಕು ಒಬ್ಬರು, ನಾವು ಪೇರಲ ಗಿಡಕ್ಕೆ ಕಲ್ಲು ಹೊಡೆದರೆ, ಅದು ಯಾರ ಗಿಡವೇ ಆಗಿರಲಿ, ಕಟ್ಟೆಯ ಮೇಲಿಂದಲೇ ಗದರುತ್ತಿದ್ದರು. ಮನೆಗೆ ಬಂದು ಅಳುತ್ತಾ ಹೇಳಿದರೆ ನಮ್ಮ ಅವ್ವ ಕೇಳುತ್ತಿದ್ದ ಮೊದಲ ಪ್ರಶ್ನೆ, "ಏನ್ ಮಾಡಿದ್ದಿ?" ಇವತ್ತು ಮಗು ಅಳುತ್ತಾ ಬಂದರೆ ಮೊದಲ ಪ್ರಶ್ನೆ, "ಯಾರು ಬೈದರು?" ಬದಲಾದದ್ದು ಇಷ್ಟೇ. ಆದರೆ ಇದರಿಂದ ಊರೇ ಬದಲಾಗಿದೆ. ಈಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಲಿಫ್ಟಿನ ಎಲ್ಲ ಗುಂಡಿಗಳನ್ನೂ ಒತ್ತಿ ಓಡಿಹೋದರೆ ದೊಡ್ಡವರು ಸುಮ್ಮನೆ ಏಳೂ ಮಹಡಿ ನಿಂತು ನಿಂತು ಹೋಗುತ್ತಾರೆ. ಹೇಳಿದರೆ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಅರವತ್ತು ಸಂದೇಶ ಬರುತ್ತವೆ, ಆ ಭಯ.

ನಿಲ್ಲಿ, ನಿಲ್ಲಿ. ಹಿಂದಿನ ಕಾಕುವನ್ನು ನಾನು ಪೂರ್ತಿ ಹೊಗಳುತ್ತಿಲ್ಲ. ಮುಂದಿನ ಸಾಲಿನವರು ತಲೆಯಾಡಿಸುತ್ತಿದ್ದೀರಿ, ಹಿಂದಿನ ಸಾಲಿನ ಹುಡುಗಿಯರ ಮುಖ ಗಂಟಾಗಿದೆ, ಎರಡೂ ಕಾಣುತ್ತಿವೆ. ಆ ಕಾಕು ಹುಡುಗರಿಗೆ ಬೈದದ್ದು ಪೇರಲ ಹಣ್ಣಿಗೆ. ಹುಡುಗಿಯರಿಗೆ ಬೈದದ್ದು ಯಾತಕ್ಕೆ? ಜೋರಾಗಿ ನಕ್ಕದ್ದಕ್ಕೆ. ಸೆರಗಿಗೆ, ದುಪಟ್ಟಾಕ್ಕೆ. ಸಂಜೆ ಏಳರ ಮೇಲೆ ಲೈಬ್ರರಿಯಿಂದ ಬಂದದ್ದಕ್ಕೆ. ಯಾರ ಮನೆಯಲ್ಲಿ ನೀರು ಕುಡಿದೆ ಎಂಬುದಕ್ಕೆ. ನಮ್ಮ ಓಣಿಯ ಒಬ್ಬ ಅಕ್ಕ ಸಹಪಾಠಿಯ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಿದಳೆಂದು ಇದೇ ಕಾಕು ಮನೆಗೆ ಬಂದು ಹೇಳಿದರು. ಮುಂದಿನ ತಿಂಗಳು ಅವಳ ಕಾಲೇಜು ಬಿಡಿಸಿದರು. ಅವಳು ಗಣಿತದಲ್ಲಿ ಎಷ್ಟು ಚುರುಕಾಗಿದ್ದಳು ಎಂದರೆ ಓಣಿಯ ಮಕ್ಕಳೆಲ್ಲ ಅವಳ ಹತ್ತಿರವೇ ಲೆಕ್ಕ ಹೇಳಿಸಿಕೊಳ್ಳುತ್ತಿದ್ದೆವು. ಆ ಬಾಯಿ ಇವತ್ತು ಮುಚ್ಚಿಹೋಗಿದ್ದರೆ ಒಳ್ಳೆಯದೇ ಆಯಿತು. ಒಬ್ಬ ಹುಡುಗಿ ಜೀನ್ಸ್ ಹಾಕಿದರೆ ಯಾರ ಟೊಮೆಟೊವೂ ಉರುಳುವುದಿಲ್ಲ. ಉಲ್ಟಾ ದಿಕ್ಕಿನಲ್ಲಿ ಗಾಡಿ ಬಂದರೆ ಉರುಳುತ್ತದೆ. ನಾವು ತಮಾಷೆ ಮಾಡಿದ್ದೇವೆ ನೋಡಿ: ಎರಡನೆಯದಕ್ಕೆ ಬೈಯುವುದನ್ನು ಬಿಟ್ಟೆವು, ಮೊದಲನೆಯದನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ. ಅರಿಶಿನ ಕುಂಕುಮಕ್ಕೆ ಕೂಡಿದಾಗ ಯಾರ ಸೊಸೆ ಏನು ಹಾಕಿಕೊಂಡು ಬಂದಳು ಎನ್ನುವುದಕ್ಕೆ ಅರ್ಧ ಗಂಟೆ ಇರುತ್ತದೆ. ಯಾರ ಮೊಮ್ಮಗ ವಾಚ್‌ಮನ್‌ಗೆ ಏನು ಅಂದ ಎಂಬುದಕ್ಕೆ ಎರಡು ನಿಮಿಷವಿಲ್ಲ.

ವಾಚ್‌ಮನ್ ಅಂದೆನಲ್ಲ. ನಮ್ಮ ಗೇಟಿನಲ್ಲಿರುವವರಿಗೆ ಅರವತ್ತು ದಾಟಿದೆ, ಭಂಡಾರಾ ಕಡೆಯವರು. ಆರು ವರ್ಷದ ಪೋರ ಅವರನ್ನು ಹೆಸರಿಡಿದು ಕೂಗುತ್ತಾನೆ, "ಏ, ಗೇಟ್ ಖೋಲ್!" ಅವನಿಗೆ ಇದನ್ನು ಯಾವ ಮೊಬೈಲೂ ಕಲಿಸಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಮುಂದಿನ ಸೀಟಿನಿಂದ ಬರುವ ಧ್ವನಿಯನ್ನು ಕೇಳಿ ಕಲಿತದ್ದು. ಮೇ ತಿಂಗಳಲ್ಲಿ ನಮ್ಮ ಊರಿನ ಉಷ್ಣತೆ 45 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಎರಡಕ್ಕೆ ಐಸ್‌ಕ್ರೀಮ್ ತರಿಸುತ್ತೇವೆ. ತಲೆಗೆ ದುಪಟ್ಟಾ ಸುತ್ತಿಕೊಂಡು ಆ ಹುಡುಗ ಬರುತ್ತಾನೆ, ನಮ್ಮ ಮಕ್ಕಳಿಗಿಂತ ನಾಲ್ಕೈದು ವರ್ಷ ದೊಡ್ಡವನು. ಕೆಲವು ಕಟ್ಟಡಗಳಲ್ಲಿ ಅವನಿಗೆ ಲಿಫ್ಟ್ ಇಲ್ಲ, ಮೆಟ್ಟಿಲು. ಬಾಗಿಲು ನಾಲ್ಕು ಬೆರಳಷ್ಟು ತೆರೆಯುತ್ತದೆ, ಒಂದು ಕೈ ಹೊರಬರುತ್ತದೆ, ಪೊಟ್ಟಣ ಒಳಹೋಗುತ್ತದೆ. ಒಂದು ಲೋಟ ನೀರು ಕೇಳುವುದಕ್ಕೂ ಅವನಿಗೆ ಧೈರ್ಯವಿಲ್ಲ, ಎಲ್ಲಿ ಚುಕ್ಕಿ ಕಡಿಮೆ ಕೊಡುತ್ತಾರೋ ಎಂದು. ಇದನ್ನೆಲ್ಲ ಸೋಫಾದಲ್ಲಿ ಕೂತ ಮಗು ನೋಡುತ್ತಿರುತ್ತದೆ. ಮೌಲ್ಯ ಶಿಕ್ಷಣಕ್ಕೆ ಬೇರೆ ಪಿರಿಯಡ್ ಇಡಿ ಎಂದು ಶಾಲೆಯವರಿಗೆ ಹೇಳುತ್ತೇವೆ!

ಇನ್ನು "ಓದುತ್ತಿದ್ದಾನೆ" ಎಂಬ ಮಾತು. ಮನೆಗೆ ಯಾರು ಬಂದರೂ ಹತ್ತನೆಯ ತರಗತಿಯ ಮಗ ಕೋಣೆಯಿಂದ ಹೊರಗೆ ಬರುವುದಿಲ್ಲ, ಓದುತ್ತಿದ್ದಾನೆ. ಅಜ್ಜಿಗೆ ಮಾತ್ರೆ ತರುವುದಿಲ್ಲ, ಓದುತ್ತಿದ್ದಾನೆ. ತಿಂದ ತಟ್ಟೆ ಟೇಬಲ್ಲಿನ ಮೇಲೇ ಇರುತ್ತದೆ. ಅವನ ತಂಗಿಯೂ ಓದುತ್ತಿರುತ್ತಾಳೆ, ಆದರೆ ತಟ್ಟೆ ಎತ್ತುತ್ತಾಳೆ. ಅದೊಂದು ಬೇರೆಯೇ ಭಾಷಣ. ತಂದೆತಾಯಿಯ ಭಯ ನನಗೆ ಅರ್ಥವಾಗುತ್ತದೆ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟು ಸುಮಾರು ಒಂದು ಲಕ್ಷ. ಉಳಿದ 22 ಲಕ್ಷ ಮಕ್ಕಳು ಯಾರ ಮಕ್ಕಳು? ನಮ್ಮವೇ. ಎರಡು ವರ್ಷ ಅವರಿಗೆ ಎಲ್ಲದರಿಂದ ವಿನಾಯಿತಿ ಕೊಟ್ಟು, ಬದುಕಿನಲ್ಲಿ ಮಾಡಬೇಕಾದ್ದು ಇದೊಂದೇ ಎಂದು ಹೇಳಿ, ಅದೊಂದು ಆಗದೆ ಹೋದಾಗ ಅವರ ಕೈಯಲ್ಲಿ ಏನು ಉಳಿದಿರುತ್ತದೆ? ಒಂದು ಚಹಾ ಮಾಡಲಿಕ್ಕಾದರೂ ಬರುತ್ತದೆಯೇ? ಅತ್ತೆ ಬಂದಾಗ ಹತ್ತು ನಿಮಿಷ ಕೂತು ಮಾತಾಡುವುದರಿಂದ ಯಾವ ರ‍್ಯಾಂಕೂ ಹೋಗುವುದಿಲ್ಲ. ಹೋದರೂ, ಸೋತ ದಿನ ತಲೆ ಸವರಲಿಕ್ಕೆ ಅದೇ ಅತ್ತೆ ಬೇಕಾಗುತ್ತದೆ.

ಸದ್ದಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅಧ್ಯಕ್ಷರು ಗಡಿಯಾರ ನೋಡಿದರು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಹನ್ನೆರಡಕ್ಕೆ ಹುಟ್ಟುಹಬ್ಬದ ಪಟಾಕಿ ಹೊಡೆಯುವ ಹುಡುಗರು ಇದನ್ನು ಓದಿಲ್ಲ, ಸರಿ. ಬೆಳಿಗ್ಗೆ ವಾಕಿಂಗಿನಲ್ಲಿ ಫೋನಿನ ಸ್ಪೀಕರ್ ಹಚ್ಚಿ ಭಜನೆ ಕೇಳಿಸುತ್ತಾ ಹೋಗುವ ಹಿರಿಯರು, ಸಂಘಮಿತ್ರಾದಲ್ಲಿ ಬೆಂಗಳೂರಿಗೆ ಹೋಗುವಾಗ ಇಡೀ ಡಬ್ಬಿಗೆ ಕೇಳುವಂತೆ ಮಗಳ ಜೊತೆ ವೀಡಿಯೊ ಕಾಲ್ ಮಾಡುವ ನಮ್ಮಂಥವರು ಓದಿದ್ದಾರೆಯೇ? ಇನ್ನು ಸಮಯ. ಇಲ್ಲಿಂದ ಕೂಗಳತೆಯಲ್ಲಿ ವಿಎನ್‌ಐಟಿ ಇದೆ. 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಶುರುವಾದ ಅದಕ್ಕೆ ನಮ್ಮ ವಿಶ್ವೇಶ್ವರಯ್ಯನವರ ಹೆಸರು. ಕಾರ್ಯಕ್ರಮಗಳಲ್ಲಿ ಅದನ್ನು ಹೇಳಿ ಎದೆ ಉಬ್ಬಿಸುತ್ತೇವೆ. ಆ ಕಾರ್ಯಕ್ರಮ ಮಾತ್ರ ಐದಕ್ಕೆ ಎಂದರೆ ಆರಕ್ಕೆ ಶುರುವಾಗುತ್ತದೆ. ಐದಕ್ಕೆ ಸರಿಯಾಗಿ ಬಂದ ಮಗು ಒಂದು ಗಂಟೆ ಕುರ್ಚಿ ಎಣಿಸಿ ಏನು ಕಲಿಯುತ್ತದೆ? ಮುಂದಿನ ಸಲ ಆರಕ್ಕೆ ಬರಬೇಕು ಎಂದು.

ಈಗಿನ ಮಕ್ಕಳು ಕೆಟ್ಟುಹೋಗಿವೆ ಎಂದು ನಾನು ಹೇಳಲಿಕ್ಕೆ ಬಂದಿಲ್ಲ. ಯಾರಾದರೂ ಹಾಗೆಂದರೆ ನಾನು 2023ರ ಸೆಪ್ಟೆಂಬರ್ 23ನ್ನು ನೆನಪಿಸುತ್ತೇನೆ. ಆ ರಾತ್ರಿ ಸುರಿದ ಮಳೆಗೆ ಅಂಬಾಝರಿ ಕೆರೆ ಉಕ್ಕಿ, ನಾಗ ನದಿ ತುಂಬಿ, ಅಂಬಾಝರಿ ಲೇಔಟ್, ಡಾಗಾ ಲೇಔಟ್, ಕಾರ್ಪೊರೇಷನ್ ಕಾಲನಿಯ ಮನೆಗಳೊಳಗೆ ನೀರು ನುಗ್ಗಿತು. ಬೆಳಗಾಗುವಷ್ಟರಲ್ಲಿ ಎನ್‌ಡಿಆರ್‌ಎಫ್ ದೋಣಿಗಳು, ಸೈನ್ಯ ಬರಬೇಕಾಯಿತು. ಅಲ್ಲಿ ನೆಲಮಹಡಿಯಲ್ಲಿ ಒಬ್ಬರೇ ಇದ್ದ ನನ್ನ ಗೆಳತಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರರು. ಕತ್ತಲೆಯಲ್ಲಿ ಬಾಗಿಲು ಬಡಿದವರು ಮೇಲಿನ ಮನೆಯ ಕಾಲೇಜು ಹುಡುಗರು. ಅವರನ್ನು ಕುರ್ಚಿಯ ಸಮೇತ ಎತ್ತಿಕೊಂಡು ಎರಡನೆಯ ಮಹಡಿಗೆ ಒಯ್ದರು. ಮತ್ತೆ ಇಳಿದು ಹೋಗಿ, ಎದೆಮಟ್ಟದ ನೀರಿನಲ್ಲಿ ತಡಕಾಡಿ ಅವರ ಬಿಪಿ ಮಾತ್ರೆಯ ಡಬ್ಬ ಮತ್ತು ಪಿಂಚಣಿ ಪುಸ್ತಕ ತಂದುಕೊಟ್ಟರು. ಅದಕ್ಕೆ ಮುಂಚೆ ನನ್ನ ಗೆಳತಿಗೆ ಆ ಹುಡುಗರ ಹೆಸರು ಗೊತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಬೈಕ್ ಗುರ್ರೆನಿಸುವ ಹುಡುಗರು ಎಂದಷ್ಟೇ ಗೊತ್ತಿತ್ತು. ಈಗ ಅವರು ಇವರ ಮನೆಯಲ್ಲಿ ಭಾನುವಾರ ಇಡ್ಲಿ ತಿನ್ನುತ್ತಾರೆ. ಬೈಕ್ ಇನ್ನೂ ಗುರ್ರೆನ್ನುತ್ತದಂತೆ. ಒಂದೇ ವ್ಯತ್ಯಾಸ, ಈಗ ಇವರು ಬಾಲ್ಕನಿಯಿಂದ ಗದರುತ್ತಾರೆ, ಅವರು "ಸಾರಿ ಕಾಕು" ಎಂದು ತಳ್ಳಿಕೊಂಡು ಹೋಗುತ್ತಾರೆ. ಅವರ ತಾಯಂದಿರಿಗೆ ಇದರಿಂದ ಯಾವ ಅವಮಾನವೂ ಆದಂತಿಲ್ಲ.

ಹಾಗಾಗಿ ನನ್ನ ಕಡೆಯಿಂದ ಒಂದು ಸೂಚನೆ, ಕಾರ್ಯದರ್ಶಿಯವರು ಬೇಕಾದರೆ ನಡಾವಳಿಯಲ್ಲಿ ಬರೆದುಕೊಳ್ಳಲಿ. ನಾವು ಇಲ್ಲಿರುವ ಮೂವತ್ತು-ನಲವತ್ತು ಮನೆಯವರು ಒಬ್ಬರಿಗೊಬ್ಬರು ಬೈಯುವ ಅನುಮತಿ ಕೊಟ್ಟುಕೊಳ್ಳೋಣ. ಬಟ್ಟೆಗೆ, ಕೂದಲಿಗೆ, ಮಾರ್ಕ್ಸಿಗೆ, ಮದುವೆಗೆ ಬೈಯುವಂತಿಲ್ಲ. ಗಾಡಿಗೆ, ಕಸಕ್ಕೆ, ಸದ್ದಿಗೆ, ವಾಚ್‌ಮನ್‌ಗೆ ಏಕವಚನ ಹಚ್ಚಿದ್ದಕ್ಕೆ ಬೈಯಬಹುದು. ಹುಡುಗ-ಹುಡುಗಿ ಎಂದು ಭೇದ ಮಾಡುವಂತಿಲ್ಲ. ಮಗು ಅಳುತ್ತಾ ಬಂದರೆ "ಏನ್ ಮಾಡಿದ್ದಿ?" ಎಂದೇ ಮೊದಲು ಕೇಳಬೇಕು.

ಶುರು ನನ್ನ ಮನೆಯಿಂದಲೇ ಆಗಲಿ. ನನ್ನ ಮೊಮ್ಮಗನಿಗೆ ಹನ್ನೆರಡು ವರ್ಷ. ಅವನ ಅಪ್ಪ-ಅಮ್ಮನನ್ನು ಕೇಳಿಯೇ ಹೇಳುತ್ತಿದ್ದೇನೆ. ಸಂಜೆ ಐದೂವರೆಗೆ ನೀಲಿ ಸೈಕಲ್ ಮೇಲೆ ಅಭ್ಯಂಕರ ನಗರದ ಕಡೆ ಚಿತ್ರಕಲೆಯ ಕ್ಲಾಸಿಗೆ ಹೋಗುತ್ತಾನೆ. ಹ್ಯಾಂಡಲ್ ಬಿಟ್ಟು ಓಡಿಸುವ ಚಟ ಇದೆ ಎಂದು ಸುದ್ದಿ ಬಂದಿದೆ. ಕಂಡವರು ನಿಲ್ಲಿಸಿ. ಕನ್ನಡದಲ್ಲೇ ಬೈಯಿರಿ, ಅವನಿಗೆ ಪೂರ್ತಿ ಅರ್ಥವಾಗುತ್ತದೆ, ಆಗುವುದಿಲ್ಲ ಎಂದು ನಟಿಸಿದರೆ ನಂಬಬೇಡಿ. ಚಕ್ಕುಲಿ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು.